ಇಟಲಿಯ ಬೆಟ್ಟದೂರುಗಳೂ ಜತ್ತದ ಗುಡ್ಡಾಪುರವೂ

ಪ್ರವಾಸಕಥನವೆಂದೊಡನೆ ಇಂದಿನ ವಿದ್ಯಾರ್ಥಿಯ ಕಣ್ಣಮುಂದೆ ಮೂಡುವ ಚಿತ್ರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಬೆನ್ನಿಗೊಂದು ಚೀಲ ಹೊತ್ತ ಯುವಕನೋ ಯುವತಿಯೋ ಇಟಲಿಯ ಯಾವುದೋ ಬೆಟ್ಟದೂರಿನ ಕಲ್ಲುಹಾಸಿನ ಓಣಿಯನ್ನು ಏರುತ್ತಿರುತ್ತಾರೆ. ದಾರಿಯಲ್ಲಿ ಕುರಿಹಾಲಿನ ಗಿಣ್ಣು, ರೊಟ್ಟಿಯ ತುಣುಕು, ಅಪರಿಚಿತ ಅಜ್ಜಿಯೊಬ್ಬಳ ನಗೆ. ಮೊಬೈಲಿನ ಪರದೆಯಲ್ಲಿ ಇದನ್ನು ಕಂಡ ಜತ್ತ ತಾಲೂಕಿನ ಐಚ್ಛಿಕ ಕನ್ನಡದ ವಿದ್ಯಾರ್ಥಿ, ತರಗತಿಯಲ್ಲಿ ಪ್ರವಾಸ ಸಾಹಿತ್ಯದ ಪಾಠ ಬಂದಾಗ, ಈ ಪ್ರಕಾರವು ವಿಮಾನ ನಿಲ್ದಾಣದಿಂದಲೇ ಆರಂಭವಾಗುತ್ತದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಹಣವಿದ್ದವರು ತಿರುಗುತ್ತಾರೆ, ತಿರುಗಿದವರು ಬರೆಯುತ್ತಾರೆ, ಉಳಿದವರು ಪರೀಕ್ಷೆಗೆ ಓದುತ್ತಾರೆ ಎಂಬುದು ಆ ಭಾವನೆಯ ಸಾರ. ಈ ಭಾವನೆಯನ್ನು ಪರೀಕ್ಷಿಸಿ ನೋಡುವ ಅಗತ್ಯವಿದೆ. ಏಕೆಂದರೆ ಇದರಿಂದ ಆಗುವ ನಷ್ಟ ವಿದ್ಯಾರ್ಥಿಗೆ ಮಾತ್ರ ಸೀಮಿತವಲ್ಲ. ಒಂದು ಇಡೀ ತಾಲೂಕು ಬರವಣಿಗೆಯಿಂದ ಹೊರಗುಳಿಯುತ್ತದೆ.

ಮೊದಲು ಇಟಲಿಯನ್ನೇ ನೋಡೋಣ. ಆ ದೇಶದ ನಡುಭಾಗದ ತಸ್ಕನಿ, ಉಂಬ್ರಿಯಾ ಪ್ರಾಂತ್ಯಗಳಲ್ಲಿ ಅನೇಕ ಊರುಗಳು ದಿನ್ನೆಯ ನೆತ್ತಿಯ ಮೇಲೆ ಕುಳಿತಿವೆ. ಶತ್ರುವಿನ ಭಯ, ತಗ್ಗಿನ ಜೌಗು ನೆಲದ ಮಲೇರಿಯಾ, ಇವೆರಡೂ ಜನರನ್ನು ಮೇಲಕ್ಕೆ ಏರಿಸಿದವು. ಸಾನ್ ಜಿಮಿನ್ಯಾನೊ ಎಂಬ ಪುಟ್ಟ ಊರಿನಲ್ಲಿ ಸಿರಿವಂತ ಮನೆತನಗಳು ಒಂದಕ್ಕಿಂತ ಒಂದು ಎತ್ತರವೆಂದು ಪೈಪೋಟಿಯಿಂದ ಕಟ್ಟಿದ ಗೋಪುರಗಳು ಒಂದು ಕಾಲಕ್ಕೆ 72 ಇದ್ದುವೆನ್ನುತ್ತಾರೆ. ಇಂದು 14 ಉಳಿದಿವೆ. ಸಿಯೆನಾ ನಗರದಲ್ಲಿ 17 ಕೇರಿಗಳು. ಪ್ರತಿ ಕೇರಿಗೂ ತನ್ನದೇ ಧ್ವಜ, ತನ್ನದೇ ಲಾಂಛನ, ನೆರೆಕೇರಿಯೊಡನೆ ತಲೆಮಾರುಗಳ ಜಿದ್ದು. ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಊರ ನಡುವಣ ಬಯಲಿನಲ್ಲಿ ಪಾಲಿಯೊ ಎಂಬ ಕುದುರೆ ಓಟ ನಡೆಯುತ್ತದೆ. ಓಟಕ್ಕೆ ಮುನ್ನ ಕುದುರೆಯನ್ನು ಕೇರಿಯ ಇಗರ್ಜಿಯೊಳಗೆ ಕರೆದೊಯ್ದು ಪಾದ್ರಿಯಿಂದ ಹರಸಿಸುತ್ತಾರೆ. ಇದನ್ನು ಕಂಡು ಯುರೋಪಿನ ಇತರ ಪ್ರವಾಸಿಗಳು ಬೆರಗಾಗಬಹುದು. ಜತ್ತದ ವಿದ್ಯಾರ್ಥಿಗೆ ಬೆರಗಾಗುವ ಕಾರಣ ಕಡಿಮೆ. ಕಾರಹುಣ್ಣಿವೆಯ ದಿನ ಎತ್ತಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಆರತಿ ಬೆಳಗಿ, ಕರಿ ಹರಿಯಲು ಓಡಿಸುವುದನ್ನು ಅವನು ಬಾಲ್ಯದಿಂದ ನೋಡಿದ್ದಾನೆ. ಇನ್ನೊಂದು ಸ್ವಾರಸ್ಯವೂ ಅವನ ಮನೆಯ ಗೋಡೆಯ ಮೇಲೆಯೇ ಇದೆ. ಮರಾಠಿ ದಿನದರ್ಶಿಕೆಯಲ್ಲಿ ಜ್ಯೇಷ್ಠ ಹುಣ್ಣಿಮೆಯಂದು ‘ಕರ್ನಾಟಕಿ ಬೇಂದೂರ’ ಎಂದು ಅಚ್ಚಾಗಿರುತ್ತದೆ. ‘ಮಹಾರಾಷ್ಟ್ರ ಬೇಂದೂರ’ ಬರುವುದು ಆ ಮೇಲೆ, ಆಷಾಢದಲ್ಲಿ. ಗಡಿಯ ಬಗೆಗೆ ನ್ಯಾಯಾಲಯಗಳೂ ಆಯೋಗಗಳೂ ತಲೆ ಕೆಡಿಸಿಕೊಂಡಿವೆ. ಎತ್ತು ಮಾತ್ರ ಎರಡು ಹಬ್ಬವನ್ನೂ ಉಂಡು ಸುಮ್ಮನಿದೆ. ಇಂಥ ಒಂದು ವಾಕ್ಯ ಬರೆಯಲು ಸಿಯೆನಾಕ್ಕೆ ಹೋಗಿಬರಬೇಕಾದ ಅಗತ್ಯವಿಲ್ಲ. ಆದರೆ ಸಿಯೆನಾದ ಕುದುರೆಯನ್ನು ಕುರಿತು ಯಾರೋ ನಗುನಗುತ್ತ ಬರೆದುದನ್ನು ಓದಿದರೆ, ಮನೆಯ ಎತ್ತನ್ನೂ ಹಾಗೆ ನೋಡಬಹುದೆಂಬ ಧೈರ್ಯ ಬರುತ್ತದೆ. ಪರದೇಶದ ಪ್ರವಾಸಕಥನದ ನಿಜವಾದ ಉಪಯೋಗ ಇದು.

ಇಟಲಿಯವರೂ ಹೀಗೆ ಕನ್ನಡ ನಾಡಿಗೆ ಬಂದು ನೋಡಿ ಹೋಗಿದ್ದಾರೆಂಬುದನ್ನು ಇಲ್ಲಿ ನೆನೆಯಬೇಕು. 1586ರಲ್ಲಿ ರೋಮ್ ನಗರದಲ್ಲಿ ಹುಟ್ಟಿದ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ಪ್ರವಾಸ ಹೊರಟು, ತುರ್ಕಿ, ಈಜಿಪ್ಟ್, ಪರ್ಷಿಯಾಗಳನ್ನು ಸುತ್ತಿ, 1623ರಲ್ಲಿ ಸೂರತ್ತಿಗೆ ಬಂದಿಳಿದ. ಅದೇ ವರ್ಷ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಸಂಗಡ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವೇರಿ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಯನ್ನು ಕಂಡ. ಕಂಡದ್ದನ್ನೆಲ್ಲ ನೇಪಲ್ಸಿನಲ್ಲಿದ್ದ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಪತ್ರರೂಪದಲ್ಲಿ ಬರೆದ. ಆ ಪತ್ರಗಳಲ್ಲಿ ಅರಮನೆಯ ದರ್ಬಾರಿಗೆ ಎಷ್ಟು ಜಾಗವಿದೆಯೋ ದೇಗುಲದ ಜಗಲಿಗೂ ಅಷ್ಟೇ ಜಾಗವಿದೆ. ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಮಗ್ಗಿ ಹೇಳುತ್ತಿದ್ದುದನ್ನು ಅವನು ನಿಂತು ನೋಡಿದ. ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದಾಗ, ಗುರುಗಳ ನೆರವಿಲ್ಲದೆ ತಾವೇ ಒಬ್ಬರಿಗೊಬ್ಬರು ಕಲಿಸುವುದಾಗಿ ಹುಡುಗರು ಹೇಳಿದರಂತೆ. ಆ ಹುಡುಗರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಕಲಿತ ಬಗೆ ಮಾತ್ರ ಒಬ್ಬ ಪರದೇಶಿಯ ಕುತೂಹಲದಿಂದ ನಾಲ್ಕು ನೂರು ವರ್ಷ ಉಳಿದು ಬಂದಿದೆ. ಉಳ್ಳಾಲದ ರಾಣಿಯನ್ನು ಅವನು ಕಂಡದ್ದು ಸಿಂಹಾಸನದ ಮೇಲಲ್ಲ; ಬರಿಗಾಲಿನಲ್ಲಿ ನಡೆದು ಕಾಲುವೆ ತೋಡುವ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದಾಗ. ನೋಟಕ್ಕೆ ಅಡುಗೆಯವಳಂತೆ ತೋರಿದರೂ ಮಾತಿನಲ್ಲಿ ರಾಣಿಯೆಂಬುದು ತಿಳಿಯಿತೆಂದು ಬರೆದಿದ್ದಾನೆ. ಹೋಲಿಕೆಯಲ್ಲಿ ತುಸು ಒರಟುತನವಿದೆ. ಆದರೂ ಆ ಕಾಲದ ಯಾವ ಪ್ರಶಸ್ತಿಕಾವ್ಯವೂ ಕೊಡಲಾರದ ಸಾಕ್ಷ್ಯ ಅದು.

ಇಷ್ಟು ಲವಲವಿಕೆಯಿಂದ ಬರೆದ ಈ ಮನುಷ್ಯನ ಬದುಕು ಹಗುರವಾಗಿತ್ತೇ? ಬಾಗ್ದಾದಿನಲ್ಲಿ ಮದುವೆಯಾದ ಪತ್ನಿ ಸಿತ್ತಿ ಮಾನಿ ಪರ್ಷಿಯಾದಲ್ಲಿ 1621ರಲ್ಲಿ ತೀರಿಕೊಂಡಳು. ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಅದರೊಡನೆಯೇ ಅವನು ಭಾರತಕ್ಕೆ ಬಂದಿದ್ದ. ಕೊನೆಗೆ ರೋಮಿನವರೆಗೂ ಒಯ್ದು ಅಲ್ಲಿ ಮಣ್ಣು ಮಾಡಿದ. ಮಗ್ಗಿ ಹೇಳುವ ಹುಡುಗರ ಮುಂದೆ ನಿಂತು ಪ್ರಶ್ನೆ ಕೇಳಿದವನು ಈ ದುಃಖದ ನಡುವೆಯೇ ಇದ್ದವನು. ಲಘುವಾಗಿ ಬರೆಯುವವರಿಗೆ ಭಾರವೇ ಇರುವುದಿಲ್ಲವೆಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ತನ್ನ ಭಾರವನ್ನು ಓದುಗನ ತಲೆಗೆ ಹೊರಿಸದೆ, ಎದುರಿನ ಲೋಕಕ್ಕೆ ಕಣ್ಣು ತೆರೆದಿಡುವ ಸಂಯಮಕ್ಕೆ ಲಘುತ್ವವೆಂದು ಹೆಸರು.

ಕನ್ನಡಕ್ಕೂ ಮರಾಠಿಗೂ ಈ ಸಂಯಮ ಹೊಸದೇನಲ್ಲ. ಹತ್ತನೆಯ ತರಗತಿಯವರೆಗೆ ಮರಾಠಿಯನ್ನೂ ಓದಿದ ಇಲ್ಲಿಯ ವಿದ್ಯಾರ್ಥಿಗೆ ಪು. ಲ. ದೇಶಪಾಂಡೆಯವರ ಹೆಸರು ಪರಿಚಿತ. ಅವರ ‘ಅಪೂರ್ವಾಈ’ ಯುರೋಪನ್ನು ಮಧ್ಯಮವರ್ಗದ ಮರಾಠಿ ಮನೆಯ ಕಣ್ಣಿನಿಂದ ಕಂಡು ನಗಿಸಿದ ಕೃತಿ. ಶಿವರಾಮ ಕಾರಂತರ ಯುರೋಪ್ ಪ್ರವಾಸದ ಪುಸ್ತಕಕ್ಕೆ ‘ಅಪೂರ್ವ ಪಶ್ಚಿಮ’ವೆಂದು ಹೆಸರು. ಎರಡು ಭಾಷೆಯ ಇಬ್ಬರು ದೊಡ್ಡವರು ಪಶ್ಚಿಮವನ್ನು ಕುರಿತು ಬರೆಯಹೊರಟಾಗ ‘ಅಪೂರ್ವ’ ಎಂಬ ಒಂದೇ ಪದಕ್ಕೆ ಕೈಚಾಚಿದ್ದು ಗಮನಿಸತಕ್ಕ ಸಂಗತಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅಮೆರಿಕದಲ್ಲಿ ಗೊರೂರು’ ಕೃತಿಯ ಹೆಸರೇ ಒಂದು ಪಾಠ. ಅಮೆರಿಕಕ್ಕೆ ಹೋದದ್ದು ಲೇಖಕರೊಬ್ಬರೇ ಅಲ್ಲ, ಅವರ ಊರೂ ಹೋಗಿದೆ. ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬೆಟ್ಟಕಾಡುಗಳಲ್ಲಿ ಅಲೆದ ಆ ಕಥನ 1978ರಲ್ಲಿ ಅದೇ ಪ್ರಶಸ್ತಿ ಪಡೆಯಿತು. ಅದರಲ್ಲಿ ಹುಡುಗರ ಚೇಷ್ಟೆ, ಹಸಿವು, ದಾರಿ ತಪ್ಪಿದ ಪೇಚಾಟ ಎಲ್ಲವೂ ಇವೆ; ಓದಿ ಮುಗಿಸುವ ಹೊತ್ತಿಗೆ ಹತ್ತಾರು ಗಿಡಮರಗಳ ಗುರುತು ಓದುಗನಿಗೆ ಅರಿವಿಲ್ಲದೆಯೇ ಆಗಿರುತ್ತದೆ. ನಗೆಯ ಕೆಳಗೆ ಜ್ಞಾನವಿರದಿದ್ದರೆ ಅದು ಹರಟೆಯಾಗಿ ಉಳಿಯುತ್ತಿತ್ತು.

ಈ ಪರಂಪರೆಯ ಬೆಳಕಿನಲ್ಲಿ ಜತ್ತವನ್ನು ನೋಡಬೇಕು. ಡಫಳೆ ಮನೆತನದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಅಂದಿನಿಂದ ಹೊರಗಿನ ಪತ್ರಿಕೆಗಳಲ್ಲಿ ಜತ್ತದ ಹೆಸರು ಕಾಣಿಸುವುದು ಬಹುತೇಕ ಎರಡೇ ಸಂದರ್ಭಗಳಲ್ಲಿ: ಮಳೆ ಕೈಕೊಟ್ಟಾಗ ಮತ್ತು ಗಡಿಯ ಮಾತು ಎದ್ದಾಗ. ಎರಡೂ ನಿಜವಾದ ಸಮಸ್ಯೆಗಳೇ. ಆದರೆ ಒಂದು ನೆಲವನ್ನು ಅದರ ಸಮಸ್ಯೆಯಿಂದ ಮಾತ್ರ ಹೆಸರಿಸುತ್ತ ಹೋದರೆ, ಅಲ್ಲಿ ಹುಟ್ಟಿದವರೂ ಕ್ರಮೇಣ ತಮ್ಮ ಊರನ್ನು ಹಾಗೆಯೇ ಪರಿಚಯಿಸತೊಡಗುತ್ತಾರೆ. ಬೇರೆ ಊರಿಗೆ ಹೋದಾಗ ‘ನೀರಿಲ್ಲದ ತಾಲೂಕಿನವರು’ ಎಂದು ತಾವೇ ಮೊದಲು ಹೇಳಿ ಮುಗಿಸುತ್ತಾರೆ. ಒಂದು ನಾಡಿನ ಜನ ತಮ್ಮ ನೆಲದ ಬಗೆಗೆ ಸಂತೋಷದಿಂದ ಒಂದು ಪುಟ ಬರೆಯಲಾರದೆ ಹೋಗುವುದೂ ಬರಗಾಲವೇ.

ಬರೆಯಲು ಏನಿದೆ ಎಂಬ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ. ಉಮರಾಣಿಯಿಂದ ಆರಂಭಿಸಬಹುದು. 1673ರಲ್ಲಿ ಮರಾಠರ ಸೇನಾಪತಿ ಪ್ರತಾಪರಾವ್ ಗುಜರ್ ಬಿಜಾಪುರದ ಸರದಾರ ಬಹಲೋಲಖಾನನನ್ನು ಇಲ್ಲಿ ಮಣಿಸಿದ್ದು ಮುಖ್ಯವಾಗಿ ನೀರಿನ ದಾರಿ ಕಟ್ಟಿ. ಈ ನೆಲದಲ್ಲಿ ನೀರು ಆಗಲೇ ಆಯುಧವಾಗಿತ್ತೆಂಬುದನ್ನು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ಹುಡುಗಿಗಿಂತ ಚೆನ್ನಾಗಿ ಬೇರೆ ಯಾರು ಬರೆದಾರು? ಅದೇ ಉಮರಾಣಿಯ ಮಗಳು ಲಿಂಗಮ್ಮ, ಬಸವಣ್ಣನವರನ್ನು ಕಂಡ ಮೇಲೆ ದಾನಮ್ಮನಾದಳೆಂದು ಪರಂಪರೆ ಹೇಳುತ್ತದೆ. ಆಕೆ ನೆಲೆಸಿದ ಗುಡ್ಡಾಪುರದ ಹೆಸರಿನಲ್ಲಿಯೇ ಗುಡ್ಡವಿದೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರ ಕಡೆಗಳಿಂದ ಜನ ನಡೆದೇ ಬರುತ್ತಾರೆ. ದಾರಿಯ ಹಳ್ಳಿಗಳಲ್ಲಿ ಅವರಿಗೆ ಊಟವಿಟ್ಟು ಉಪಚರಿಸುತ್ತಾರೆ. ಉಂಬ್ರಿಯಾದ ಅಸ್ಸೀಸಿ ಬೆಟ್ಟದೂರಿಗೆ ಸಂತ ಫ್ರಾನ್ಸಿಸನ ಹೆಸರಿನಲ್ಲಿ ಜನ ನಡೆದು ಹೋಗುವುದೂ ಹೀಗೆಯೇ. ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ, ಇದ್ದುದನ್ನೆಲ್ಲ ಬಿಟ್ಟುಕೊಟ್ಟು, 1226ರಲ್ಲಿ ತೀರಿಕೊಂಡ ಫ್ರಾನ್ಸಿಸ್ ದೇವರ ಸೃಷ್ಟಿಯನ್ನು ಹಾಡಿದ್ದು ವಿದ್ವಾಂಸರ ಲ್ಯಾಟಿನ್ನಿನಲ್ಲಿ ಅಲ್ಲ, ಊರವರ ಆಡುಮಾತಿನಲ್ಲಿ. ಶರಣರು ವಚನಕ್ಕೆ ಆಡುಗನ್ನಡವನ್ನು ಆರಿಸಿಕೊಂಡದ್ದು ಅದಕ್ಕೂ ಕೆಲವು ದಶಕ ಹಿಂದೆ. ಅಸ್ಸೀಸಿಯನ್ನು ಬಲ್ಲ ಪ್ರವಾಸಿ ಗುಡ್ಡಾಪುರದಲ್ಲಿ ಅಪರಿಚಿತನೆನಿಸುವುದಿಲ್ಲ. ಗುಡ್ಡಾಪುರದಲ್ಲಿ ಬೆಳೆದವನು ಅಸ್ಸೀಸಿಯಲ್ಲಿಯೂ ಎನಿಸಬೇಕಾಗಿಲ್ಲ.

ಮಾಡಗ್ಯಾಳಕ್ಕೆ ಹೋದರೆ ರೋಮ್ ಇನ್ನೂ ಹತ್ತಿರವಾಗುತ್ತದೆ. ಬಿಳಿ ಮೈಯ ಮೇಲೆ ಕಂದು ಮಚ್ಚೆ, ಉದ್ದ ಕೊರಳು, ಎದ್ದು ಬಾಗಿದ ಮೂಗು, ಇವು ಮಾಡಗ್ಯಾಳ ಕುರಿಯ ಲಕ್ಷಣ. ಪಶುವಿಜ್ಞಾನಿಗಳು ಆ ಮೂಗಿಗೆ ಇಟ್ಟ ಹೆಸರು ‘ರೋಮನ್ ಮೂಗು’! ಇಟಲಿಯ ವೀಸಾ ಸಿಗದವರು ನಿರಾಶರಾಗಬೇಕಿಲ್ಲ. ಒಂದು ರೋಮನ್ ವೈಭವ ಈ ತಾಲೂಕಿನಲ್ಲಿಯೇ ಮೇಯುತ್ತಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿ ಇಲ್ಲಿ ನಕ್ಕು ಮುಂದೆ ಹೋಗದೆ ಒಂದು ಕ್ಷಣ ನಿಲ್ಲಬೇಕು. ಲ್ಯಾಟಿನ್ನಿನ ‘ಪೆಕುಸ್’ ಎಂದರೆ ಜಾನುವಾರು. ಸಂಸ್ಕೃತದ ‘ಪಶು’ ಅದರ ಜ್ಞಾತಿಪದ. ಆ ‘ಪೆಕುಸ್’ನಿಂದಲೇ ಹಣ ಎಂಬರ್ಥದ ‘ಪೆಕೂನಿಯಾ’ ಹುಟ್ಟಿತು. ಕನ್ನಡದಲ್ಲಿ ದಾರಿ ತಿರುವುಮುರುವಾಗಿದೆ. ಸಂಸ್ಕೃತದ ‘ಧನ’ ಎಂದರೆ ಸಂಪತ್ತು. ಅದು ತದ್ಭವವಾಗಿ ‘ದನ’ವಾದಾಗ ಜಾನುವಾರಾಯಿತು. ಅಲ್ಲಿ ಜಾನುವಾರು ಹಣವಾಯಿತು, ಇಲ್ಲಿ ಹಣ ಜಾನುವಾರಾಯಿತು. ಕುರಿಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಮುಟ್ಟಿ ದರ ಹೇಳುವವರನ್ನು ನೋಡುತ್ತ ನಿಂತರೆ, ತತ್ಸಮ-ತದ್ಭವದ ಪಾಠ ಪುಸ್ತಕದಿಂದ ಎದ್ದು ಬರುತ್ತದೆ.

ಊಟದ ವಿಷಯಕ್ಕೆ ಬಂದರೆ, ಪ್ರವಾಸಿಗಳು ಹೊಗಳುವ ಇಟಲಿಯ ಟೊಮೆಟೊ ಇಟಲಿಯದಲ್ಲ. ಜತ್ತದ ತಾಟಿನಲ್ಲಿ ಜೋಳದ ರೊಟ್ಟಿಯ ಪಕ್ಕದ ಶೇಂಗಾಚಟ್ನಿಯೂ ಅದರೊಳಗಿನ ಮೆಣಸಿನಕಾಯಿಯೂ ಈ ನೆಲದವಲ್ಲ. ಮೂರೂ ಅಮೆರಿಕ ಖಂಡದಿಂದ ಬಂದ ಅತಿಥಿಗಳು. ಆ ದಾರಿ ತೆರೆದದ್ದು 1492ರಲ್ಲಿ ಅಲ್ಲಿಗೆ ತಲುಪಿದ ಕೊಲಂಬಸ್; ಅವನೂ ಇಟಲಿಯ ಜಿನೋವಾದವನು. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂದು ಒಂದು ಪುಸ್ತಕಕ್ಕೆ ಹೆಸರಿಟ್ಟದ್ದು ಈ ಅರ್ಥದಲ್ಲಿಯೇ. ಇನ್ನು ಪದಗಳ ಪಯಣ. ಬೆಂಗಳೂರಿನ ಕಡಲೆಕಾಯಿ ಇಲ್ಲಿ ಶೇಂಗಾ ಆದದ್ದು ಮರಾಠಿಯ ಸಹವಾಸದಿಂದ. ಮರಾಠಿಯ ‘ತೂಪ್’ ಕನ್ನಡದ ತುಪ್ಪದಿಂದ, ‘ಅಡಕಿತ್ತಾ’ ಕನ್ನಡದ ಅಡಕತ್ತರಿಯಿಂದ ಹೋದವು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಒಯ್ದು, ಚರಗ ಚೆಲ್ಲಿ, ಸಜ್ಜೆಯ ಕಡುಬು, ಭಜ್ಜಿಪಲ್ಲೆ ಉಣ್ಣುವ ಹಬ್ಬ ಲಾತೂರಿನ ಕಡೆ ‘ವೇಳ ಅಮಾವಾಸ್ಯಾ’ ಆಗಿದೆ. ಅಲ್ಲಿಯ ಎಷ್ಟೋ ಜನರಿಗೆ ಆ ‘ವೇಳ’ದೊಳಗೆ ಕನ್ನಡದ ಎಳ್ಳಿರುವುದು ತಿಳಿಯದು. ಒಂದು ತಾಟನ್ನು ಮುಂದಿಟ್ಟುಕೊಂಡು ಭೂಗೋಳ, ಇತಿಹಾಸ, ಭಾಷಾಶಾಸ್ತ್ರ ಮೂರನ್ನೂ ಬರೆಯಬಹುದು; ರೊಟ್ಟಿ ಆರುವ ಮೊದಲು ಮುಗಿಸಬೇಕೆಂಬುದೊಂದೇ ನಿಯಮ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತಳ್ಳಿಹಾಕುವಂಥದಲ್ಲ. ಮಳೆ ಬಾರದ ವರ್ಷ ಊರೆಲ್ಲ ಟ್ಯಾಂಕರಿನ ದಾರಿ ಕಾಯುತ್ತದೆ; ಹಂಗಾಮು ಬಂದೊಡನೆ ಕಬ್ಬು ಕಡಿಯುವ ಟೋಳಿಗಳು ಮಕ್ಕಳುಮರಿ ಕಟ್ಟಿಕೊಂಡು ಕೃಷ್ಣೆಯ ದಂಡೆಯ ಊರುಗಳಿಗೆ ಹೋಗುತ್ತವೆ. ಅಂಥ ತಾಲೂಕಿನ ಬಗೆಗೆ ನಗುನಗುತ್ತ ಬರೆಯುವುದು ಸರಿಯೇ? ಬಾಗಿಲು ಹಾಕಿದ ಮನೆಗಳನ್ನು ಕಾಣದಂತೆ ಬರೆದರೆ ಖಂಡಿತ ಸರಿಯಲ್ಲ. ದಾರಿಯಲ್ಲಿ ಟ್ಯಾಂಕರ್ ಎದುರಾದರೆ ಕಥನದಲ್ಲಿಯೂ ಎದುರಾಗಬೇಕು. ದಾಂತೆ 1302ರಲ್ಲಿ ಫ್ಲಾರೆನ್ಸಿನಿಂದ ಗಡಿಪಾರಾದ. ಬದುಕಿರುವವರೆಗೆ ಮರಳಿ ಹೋಗಲಾಗಲಿಲ್ಲ. ತಸ್ಕನಿಯ ರೊಟ್ಟಿಗೆ ಉಪ್ಪು ಹಾಕುವ ರೂಢಿಯಿಲ್ಲ. ಪರರ ರೊಟ್ಟಿ ಎಷ್ಟು ಉಪ್ಪೆಂಬುದು ದೇಶಭ್ರಷ್ಟನಿಗೆ ತಿಳಿಯುವುದೆಂದು ಅವನ ಮಹಾಕಾವ್ಯದಲ್ಲಿ ಪೂರ್ವಜನೊಬ್ಬ ಭವಿಷ್ಯ ನುಡಿಯುತ್ತಾನೆ. ಇಟಲಿಯ ಊಟದ ಬಗೆಗೆ ಬರೆಯುವವನು ಉಪ್ಪಿಲ್ಲದ ರೊಟ್ಟಿಯನ್ನು ಕಂಡು ನಗಬಹುದು. ದಾಂತೆಯನ್ನು ಓದಿದ್ದರೆ ಆ ನಗೆ ಒಂದು ಗಳಿಗೆ ತಡೆಯುತ್ತದೆ. ಟೋಳಿಯೊಡನೆ ಹೋಗಿ ಪರವೂರಿನ ಗುಡಿಸಲಿನಲ್ಲಿ ಆರು ತಿಂಗಳು ಕಳೆದು ಬಂದ ಹುಡುಗ ಈ ಕಾಲೇಜಿನ ಬೆಂಚಿನ ಮೇಲೆಯೂ ಕುಳಿತಿರಬಹುದು. ಪರರ ರೊಟ್ಟಿಯ ರುಚಿ ಅವನಿಗೆ ಗೊತ್ತು. ಅವನೂ ಪ್ರವಾಸಿಯೇ. ಅವನ ಕಥನದಲ್ಲಿ ನಗೆ ಬಂದರೆ ಅದನ್ನು ಅವನು ಗಳಿಸಿದ್ದಾನೆ.

ಕೊನೆಯದಾಗಿ ಭಾಷೆಯ ಅಳುಕು. ಜತ್ತದ ಕನ್ನಡ ಶುದ್ಧವಲ್ಲ, ಮರಾಠಿ ಬೆರೆತಿದೆ, ಮುದ್ರಣಕ್ಕೆ ಯೋಗ್ಯವಲ್ಲ ಎಂಬ ಅಂಜಿಕೆಯಿಂದ ಎಷ್ಟೋ ಪ್ರಬಂಧಗಳು ವಹಿಯಲ್ಲಿಯೇ ಉಳಿಯುತ್ತವೆ. ದಾಂತೆ ಜನಭಾಷೆಯನ್ನು ಸಮರ್ಥಿಸಿ ಬರೆದ ಗ್ರಂಥದಲ್ಲಿ, ಬೊಲೊನ್ಯಾ ಎಂಬ ಒಂದೇ ನಗರದ ಎರಡು ಬೀದಿಗಳವರ ಮಾತು ಬೇರೆ ಬೇರೆಯೆಂದು ಗುರುತಿಸುತ್ತಾನೆ. ಅವನಿಗಿಂತ ನಾಲ್ಕೂವರೆ ಶತಮಾನ ಮೊದಲೇ ‘ಕವಿರಾಜಮಾರ್ಗ’ವು ಕನ್ನಡದ ದೇಸಿಗಳು ಹಲವೆಂದೂ ಅವುಗಳ ದೋಷ ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದೂ ಹೇಳಿತ್ತು. ಕಾವೇರಿಯಿಂದ ಗೋದಾವರಿಯವರೆಗೆ ಆ ಗ್ರಂಥ ಗುರುತಿಸಿದ ನಾಡಿನಲ್ಲಿ ಜತ್ತವೂ ಒಳಗೊಂಡಿದೆ. ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಮರಾಠಿ ಸಂತರ ಮೇಲೂ ಕನ್ನಡ ಅನುಭಾವಿಗಳ ಮೇಲೂ ಒಂದೊಂದು ಗ್ರಂಥ ಬರೆದರು. ಎರಡು ಭಾಷೆಗಳ ನಡುವೆ ಬೆಳೆದುದು ಅವರಿಗೆ ಕೊರತೆಯೆನಿಸಲಿಲ್ಲ, ಅದೇ ಬಂಡವಾಳವಾಯಿತು.

ಆದ್ದರಿಂದ ಈ ದೀಪಾವಳಿಯ ರಜೆಯಲ್ಲಿ ಐಚ್ಛಿಕ ಕನ್ನಡದ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಇದುವರೆಗೆ ಇಳಿಯದ ಒಂದು ಊರಿನಲ್ಲಿ ಎಸ್‌ಟಿ ಬಸ್ಸಿನಿಂದ ಇಳಿಯಬೇಕು. ಸಂಖವಾಗಲಿ, ಬಿಳೂರಾಗಲಿ, ತಿಕ್ಕುಂಡಿಯಾಗಲಿ, ಯಾವುದಾದರೂ ಸರಿ. ಅಲ್ಲಿ ಏನು ಉಂಡದ್ದು, ಯಾರು ಮಾತಾಡಿಸಿದ್ದು, ಯಾವ ಪದ ಹೊಸದಾಗಿ ಕೇಳಿದ್ದು, ಕೊಡ ನೀರಿಗೆ ಎಷ್ಟು ದೂರ ನಡೆಯಬೇಕು, ಇಷ್ಟನ್ನು ದೆಲ್ಲಾ ವಾಲ್ಲೆಯಂತೆ ದೂರದ ಗೆಳೆಯನೊಬ್ಬನಿಗೆ ಪತ್ರವೆಂದು ಭಾವಿಸಿ ನಾಲ್ಕು ಪುಟ ಬರೆಯಬೇಕು. ಉಪದೇಶ ಬೇಡ, ಅಂಕಿಅಂಶದ ಭಾರವೂ ಬೇಡ; ಕಂಡದ್ದು ಸಾಕು. ಮುಂದೊಂದು ದಿನ ಅವರಲ್ಲೊಬ್ಬರು ನಿಜವಾಗಿಯೂ ಸಿಯೆನಾದ ಓಣಿಯನ್ನು ಏರಲೂಬಹುದು. ಆಗ ಅಲ್ಲಿಯ ಕೇರಿಯವರು ಅವರ ಊರಿನ ಬಗೆಗೆ ಕೇಳುತ್ತಾರೆ. ಪ್ರವಾಸಿಗೆ ಎಲ್ಲೆಡೆಯೂ ಎದುರಾಗುವ ಮೊದಲ ಪ್ರಶ್ನೆ ಅದು. ನೀರಿಲ್ಲವೆಂಬ ಒಂದು ಮಾತಿನಲ್ಲಿ ಮುಗಿಯದ ಉತ್ತರ ಅವರ ಬಳಿ ಇರಬೇಕು.